ಬಾಗಿಲ ತನಕಾ ಬಿಟ್ಟು ಬಂದೆ

ಕುಂದಗೋಳ
14 ಆಗಸ್ಟ್ 2024

ಹಸನಬಿ ಅವರಿಗೆ,

ನನ್ನ ಹೆಸರು ನಿಮಗೆ ಗೊತ್ತಿಲ್ಲ. ನಮ್ಮ ಅಪ್ಪನ ಮುಖ ಮಾತ್ರ ಚೆನ್ನಾಗಿ ಗೊತ್ತಿದೆ ಎಂದು ನನ್ನ ಅನುಮಾನ. ಎತ್ತರದ ಆಳು, ಅರವತ್ತೆಂಟು ವರ್ಷ, ತಲೆಗೆ ಸುತ್ತಿದ ಬಿಳಿ ಪಟಗ, ಎಡಗಿವಿಯ ಹತ್ತಿರ ಹಳೆಯ ಗಾಯದ ಕಲೆ. ಹೆಸರು ಈರಬಸಪ್ಪ. ನಾನು ಅವರ ಒಬ್ಬನೇ ಮಗ ಗೌರೀಶ. ಇಲ್ಲಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ.

ಪ್ರತಿ ವರ್ಷ ನಾಗರಪಂಚಮಿಯ ಮರುದಿನ ಅಪ್ಪ ಒಬ್ಬರೇ ಎಲ್ಲಿಗೋ ಹೋಗಿ ಸಂಜೆಗೆ ಬರುತ್ತಾರೆ. ಕೇಳಿದರೆ "ಕೆಲಸ ಇತ್ತು" ಎನ್ನುತ್ತಾರೆ. ನಮ್ಮ ಅವ್ವ ಇದ್ದಾಗಲೂ ಹೀಗೆಯೇ ಇತ್ತು. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ಈ ಸಲ ನನ್ನ ಹೆಂಡತಿ ಸುನಿತಾ ಹೇಳಿದಳು: "ಮಾವಾರು ಒಂದು ಇಳಕಲ್ಲ ಸೀರಿ ತಂದು ಟ್ರಂಕಿನ್ಯಾಗ ಇಟ್ಟಾರ್ರಿ. ಹೋದ ವರ್ಷಾನೂ ತಂದಿದ್ರು. ಮನ್ಯಾಗ ಯಾರಿಗೂ ಕೊಡಲಿಲ್ಲ."

ಹಾಗಾಗಿ ಶನಿವಾರ ಅಪ್ಪನ ಹಿಂದಿನ ಬಸ್ಸು ಹಿಡಿದು ನಾನೂ ಹೊರಟೆ. ಹುಬ್ಬಳ್ಳಿಯಲ್ಲಿ ಅವರು ಬಸ್ಸು ಬದಲಿಸಿದರು, ನಾನೂ ಬದಲಿಸಿದೆ. ಕಲಘಟಗಿ ದಾಟಿ ದೇವಿಕೊಪ್ಪದಲ್ಲಿ ಇಳಿದರು. ಗುಡಿಯ ಬಾಜೂ ತಗಡಿನ ಚಪ್ಪರದಲ್ಲಿ ನಿಮ್ಮ ಆಟ ನಡೆದಿತ್ತು. ಟವೆಲ್ಲು ತಲೆಗೆ ಹೊದ್ದು ಕೊನೆಯ ಸಾಲಿನಲ್ಲಿ ಕೂತೆ.

ಕಥೆ ನನಗೆ ಗೊತ್ತಿದ್ದದ್ದೇ. ಅಣ್ಣತಮ್ಮಂದಿರು ಇಲ್ಲದ ಸೊಸೆ, ಪಂಚಮಿಗೆ ಉಳಿದ ಸೊಸೆಯರೆಲ್ಲ ತವರಿಗೆ ಹೋದ ಮೇಲೆ ಒಬ್ಬಳೇ ಬೀಸುವ ಕಲ್ಲಿನ ಮುಂದೆ ಕೂತು ಅಳುತ್ತಾಳೆ. ಹುತ್ತದಲ್ಲಿದ್ದ ನಾಗಪ್ಪ ಅದನ್ನು ಕೇಳಿ, ಮನುಷ್ಯನ ರೂಪದಲ್ಲಿ ಅವಳ ಅಣ್ಣನಾಗಿ ಕರೆಯಲು ಬರುತ್ತಾನೆ. ನೀವೇ ಆ ಸೊಸೆ. ಚೆನ್ನಾಗಿ ಹಾಡುತ್ತೀರಿ, ಸುಳ್ಳು ಹೇಳುವುದಿಲ್ಲ. ಆದರೆ ಬೀಸುವಾಗ ಒಂದು ನುಡಿ ಹಾಡಿದಿರಿ:

ಕರಿಕಲ್ಲ ಹೊಲದಾಗ ಹೆಸರಕಾಯಿ ಬಿಡಿಸ್ಯಾರ
ಕರಿಯಾಕ ಬರುವಣ್ಣ ಮರೆತಾನ, ತವರವರು
ತೊಲಿಗೆ ಜೋಕಾಲಿ ಕಟ್ಟ್ಯಾರ

ಕರಿಕಲ್ಲು ನಮ್ಮ ಹೊಲ. ಕುಂದಗೋಳದ ಹೊರಗೆ ಇರುವ ನಮ್ಮ ಹೊಲದ ಹೆಸರು ನಿಮ್ಮ ಬಾಯಲ್ಲಿ ಹೇಗೆ ಬಂತು? ಆ ನುಡಿ ಬಂದಾಗ ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ಮುಗಿದ ಕೂಡಲೇ ಎದ್ದು ಪರದೆಯ ಹಿಂದೆ ಹೋಗಿ, ನಾಗಪ್ಪನ ವೇಷದವನ ಕೈಯಲ್ಲಿ ಸೀರೆ ಇದ್ದ ಪಿಶವಿ ಕೊಟ್ಟು ಹೊರಟುಹೋದರು. ನಾನು ನಿಂತೆ. ಆಟ ಮುಗಿದ ಮೇಲೆ ಅವನು ಆ ಪಿಶವಿಯನ್ನು ನಿಮಗೆ ಕೊಟ್ಟ. ಯಾರು ಕೊಟ್ಟರು ಎಂದು ನೀವು ಕೇಳಲೇ ಇಲ್ಲ. ಕೇಳದೆ ತೆಗೆದುಕೊಳ್ಳುವವರಿಗೆ ಕೊಟ್ಟವರು ಗೊತ್ತಿರುತ್ತಾರೆ.

ನಿಮ್ಮ ಫೋನ್ ನಂಬರ ಕೇಳಿದರೆ ಮೇಳದವರು ಕೊಡಲಿಲ್ಲ, ವಿಳಾಸ ಮಾತ್ರ ಕೊಟ್ಟರು. ಅಪ್ಪ ನಿಮಗೆ ಏನು ಮಾತು ಕೊಟ್ಟಿದ್ದಾರೆ? ಹೊಲದ ವಿಷಯ ಎಷ್ಟು ಹೇಳಿದ್ದಾರೆ? ಸರಿಯಾದ ಉತ್ತರ ಬಂದರೆ ಇದು ನಮ್ಮಿಬ್ಬರಲ್ಲೇ ಉಳಿಯುತ್ತದೆ.

ಗೌರೀಶ

*

ಕಲಘಟಗಿ
27 ಆಗಸ್ಟ್ 2024

ಗೌರೀಶ ಸರ್ ಅವರಿಗೆ,

ಹಡದ ಅಪ್ಪನ ಹಿಂದ ಟವೆಲ್ಲು ಹೊತ್ಕೊಂಡು ಕಳ್ಳರಂಗ ಬಂದವರು ನೀವು. ಕಾಗದದಾಗ ಮಾತ್ರ ನನ್ನನ್ನ ಕಟಕಟಿಯೊಳಗ ನಿಲ್ಲಿಸೀರಿ. ಇರಲಿ. ನಂಬರ ಕೊಡಬ್ಯಾಡ್ರಿ ಅಂತ ನಾನ ಹೇಳೀನಿ. ವರ್ಷಕ್ಕೊಮ್ಮೆ ಆಟ ಆದ ಮ್ಯಾಲೆ ಎಂಟು ದಿನ ಗಂಡಸರು ಫೋನ್ ಹಚ್ಚಿ "ಚಂದ ಹಾಡ್ತೀರಿ" ಅಂತಾರ. ಬರಿಯೂ ಹಂಗಿದ್ದವರು ಕಾಗದ ಬರೀಲಿ.

ನನಗ ನಲವತ್ತೈದು ವರ್ಷ. ಕಲಘಟಗಿ ಪ್ಯಾಟ್ಯಾಗ ಟೇಲರಿಂಗ್ ಅಂಗಡಿ ಐತಿ. ನೀವು ನೋಡಿದ ನಾಗಪ್ಪ ನನ್ನ ಒಡಹುಟ್ಟಿದ ಅಣ್ಣ ಯಾಕೂಬಸಾಬ. ನಾವು ವರ್ಷದಾಗ ಒಂದ ಸಲ ವೇಷ ಹಾಕತೀವಿ, ಉಳಿದ ದಿನ ದುಡಕೊಂಡು ತಿಂತೀವಿ.

ನಿಮ್ಮ ಅಪ್ಪ ಕೊಟ್ಟ ಸೀರಿ ಒಂಬತ್ತು ಅದಾವ. ಒಂದರ ಮಡಿಕಿ ಸುದ್ಧಾ ಬಿಚ್ಚಿಲ್ಲ. ಬಂದು ಒಯ್ಯಿರಿ. ಮೊದಲನೇ ವರ್ಷ ಇವರೂ ಅಂಥಾ ಗಂಡಸರ ಅಂತ ತಿಳದು ವಾಪಸ ಕೊಟ್ಟು ಬಾ ಅಂತ ಯಾಕೂಬಣ್ಣನ್ನ ಅಟ್ಟಿದ್ದೆ. ಅಂವ ರೋಡಿಗೆ ಹೋಗೂದ್ರಾಗ ಅವರು ಬಸ್ ಹತ್ತಿದ್ರು. ಈಗ ಕೇಳಿ ಕೇಳಿ ಸಾಕಾಗಿ ಕೇಳೂದು ಬಿಟ್ಟೀನಿ.

ನಾನೂ ನಿಮ್ಮ ಅಪ್ಪನ ಮ್ಯಾಲೆ ಅನುಮಾನ ಇಟ್ಟಾಕೀನ. ಅವರು ಒಂದ ದಿನಾನೂ ನನ್ನ ಮಾರಿ ನೋಡಿಲ್ಲ. ಪರದಿ ಕಡೆ ನೋಡತಾರ. ಅದೊಂದು ನುಡಿ ಬಂದಾಗ ಕಣ್ಣು ಮುಚ್ಚತಾರ, ಮುಗಿದ ಕೂಡ್ಲೇ ಓಡತಾರ. ನಾಗಪ್ಪ ಬಂದು ಆಕೀನ್ನ ಕರಕೊಂಡು ಹೋಗೂದನ್ನ ಒಂಬತ್ತು ವರ್ಷದಾಗ ಒಮ್ಮೆನೂ ನೋಡಿಲ್ಲ. ಆಟಕ್ಕ ಬಂದ ಮನಶಾ ಆಟ ಬಿಟ್ಟು ಯಾಕ ಓಡತಾನ?

ನುಡಿ ನನ್ನದಲ್ಲ. ನಾ ವೇಷ ಹಾಕೂಕಿಂತ ಮೊದಲ ಈ ಆಟದಾಗ ಇತ್ತು. ನನ್ನ ಕೇಳೂ ಬದಲಿ ನಿಮ್ಮ ಅಪ್ಪನ್ನ ಕೇಳ್ರಿ.

ಹಸನಬಿ

*

ಕುಂದಗೋಳ
4 ನವೆಂಬರ್ 2024

ಹಸನಬಿ ಅವರಿಗೆ,

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಕಾಗದ ಓದಿ ಸಿಟ್ಟು ಬಂದಿತ್ತು, ಆಮೇಲೆ ನಾಚಿಕೆ. ಅಪ್ಪನನ್ನು ಕೇಳಲು ಧೈರ್ಯ ಬಂದದ್ದು ದೀಪಾವಳಿಗೆ.

ಪಾಡ್ಯದ ದಿನ ಎತ್ತುಗಳ ಮೈ ತೊಳೆಯುತ್ತಿದ್ದರು. "ಕರಿಕಲ್ಲ ಹೊಲದ ಹಾಡು ದೇವಿಕೊಪ್ಪದವರಿಗೆ ಹೆಂಗ ಗೊತ್ತಪ್ಪಾ?" ಎಂದೆ. ಅಪ್ಪನ ಕೈಯಲ್ಲಿದ್ದ ತಂಬಿಗೆ ಹಾಗೆಯೇ ನಿಂತಿತು.

"ನನ್ನ ಹಿಂದ ಬಂದಿದ್ಯಾ?"

"ಬಂದಿದ್ದೆ."

"ಯಾರನ್ನರ ಮಾತಾಡಿಸಿದ್ಯಾ?" ಅಪ್ಪ ಹೆದರಿದ್ದರು. ನಾನು ಅವರನ್ನು ಹಿಡಿದೆನೆಂದು ಹೆದರಿದ್ದಾರೆ ಎಂದು ಆಗ ತಿಳಿದೆ. ನಿಜಕ್ಕೂ ಅವರು ಹೆದರಿದ್ದು ಅಲ್ಲಿ ನನಗೆ ಯಾರಾದರೂ ಏನಾದರೂ ಹೇಳಿರಬಹುದೆಂದು.

ಊಟ ಮಾಡಲಿಲ್ಲ. ಮರುದಿನ ತಾವಾಗಿಯೇ ಕರೆದು ಹೇಳಿದರು. ಅವರಿಗೆ ಒಬ್ಬ ತಂಗಿ ಇದ್ದಳಂತೆ, ಗುರವ್ವ. ಮೂವತ್ತೆಂಟು ವರ್ಷದ ನನಗೆ ಒಬ್ಬ ಸೋದರತ್ತೆ ಇದ್ದಳೆಂದು ಇಲ್ಲಿಯ ತನಕ ಯಾರೂ ಹೇಳಿಲ್ಲ. ಕಲಘಟಗಿ ಸೀಮೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಮೊದಲ ವರ್ಷ ಪಂಚಮಿಗೆ ಕರೆಯಲು ಅಪ್ಪ ಹೋಗುವುದು ಒಂದು ದಿನ ತಡವಾಯಿತು. ತವರಿಗೆ ಬಂದವಳೇ ಜೋಕಾಲಿಯ ಮೇಲೆ ಕೂತು, ಅಣ್ಣನನ್ನು ಛೇಡಿಸಲು ಆ ನುಡಿ ಕಟ್ಟಿ ಹಾಡಿದಳಂತೆ. ಮನೆಯವರನ್ನು ಬಿಟ್ಟು ಇನ್ನೊಬ್ಬರ ಕಿವಿಗೆ ಬೀಳದ ಹಾಡು.

1983ರಲ್ಲಿ ಪಂಚಮಿಗೆ ಬಂದವಳು ವಾಪಸು ಹೋಗುವುದಿಲ್ಲ ಎಂದು ಅತ್ತಳಂತೆ. ಎಡತೋಳಿನ ಮೇಲೆ ಸುಟ್ಟ ಬರೆ ಇತ್ತಂತೆ. ನಮ್ಮ ಅಜ್ಜ ಕೇಳಲಿಲ್ಲ. ಮೂರನೆಯ ದಿನ ಅಪ್ಪನೇ ಬಸ್ಸಿನಲ್ಲಿ ಕರೆದೊಯ್ದರು. "ಬಾಗಿಲ ತನಕಾ ಬಿಟ್ಟು ಬಂದೆ" ಎಂದು ನನ್ನ ಮುಖ ನೋಡದೆ ಹೇಳಿದರು. ಅದಾದ ಮೇಲೆ ಆಕೆಯನ್ನು ಕಂಡವರಿಲ್ಲ. ಆಕೆ ತಮ್ಮಲ್ಲಿಗೆ ಬಂದೇ ಇಲ್ಲ ಎಂದು ಗಂಡನ ಮನೆಯವರು ಹೇಳಿದರಂತೆ.

ಒಂಬತ್ತು ವರ್ಷದ ಹಿಂದೆ ನನ್ನ ಮಗಳಿಗೆ ತೊಟ್ಟಿಲು ಮಾಡಿಸಲು ಅಪ್ಪ ಕಲಘಟಗಿಗೆ ಬಂದಿದ್ದರು. ತೊಟ್ಟಿಲಿನವರು ಆಟಕ್ಕೆ ಹೊರಟಿದ್ದರು, ಇವರನ್ನೂ ಗಾಡಿ ಹತ್ತಿಸಿಕೊಂಡರು. ಅಲ್ಲಿ ಆ ನುಡಿ ಕಿವಿಗೆ ಬಿತ್ತು. "ಯಾರು ಕಲಿಸಿದ್ರು ಅಂತ ಕೇಳಬೇಕಿತ್ತಲ್ಲಪ್ಪಾ?" ಎಂದೆ. "ಸತ್ತಾಳ ಅಂದ್ರ ಏನ ಮಾಡಲಿ? ಅದಾಳ ಅಂದ್ರ ಏನ ಮಾಡಲಿ?" ಎಂದರು.

ನನಗೂ ನಂಬಿಕೆ ಬರದೆ ಹೊಲದ ಉತಾರ, ಅಂದರೆ ಪಹಣಿ, ತೆಗೆಸಿ ನೋಡಿದೆ. ಅಪ್ಪನ ಹೆಸರಿನ ಕೆಳಗೆ ಅಜ್ಜನ ವಾರಸುದಾರಳಾಗಿ ಗುರವ್ವ ಎಂದು ಇದೆ. ಇದ್ದಳೆಂಬುದು ಖರೆ.

ಆ ನುಡಿ ಯಾರಿಂದ ಬಂತು, ದಯವಿಟ್ಟು ಹೇಳಿರಿ.

ಗೌರೀಶ

*

ಕಲಘಟಗಿ
22 ನವೆಂಬರ್ 2024

ಗೌರೀಶ ಸರ್ ಅವರಿಗೆ,

ಕಾಗದ ಎರಡು ಸಲ ಓದಿದೆ. ಮೊದಲ ಸಲ ಕಣ್ಣಾಗ ನೀರು ಬಂತು. ಎರಡನೇ ಸಲ ಉತಾರದ ಮಾತಿಗೆ ಬಂದು ನಿಂತೆ.

ನಲವತ್ತು ವರ್ಷ ಯಾರಿಗೂ ಬ್ಯಾಡಾದಾಕಿ. ಹೆಸರು ಉತಾರದಾಗ ಐತಿ ಅಂತ ಗೊತ್ತಾದ ಮರುದಿನ ಬೇಕಾದಳೇನು? ನಮ್ಮ ಅಂಗಡಿಗೆ ದಿನಾ ಹೆಣಮಕ್ಕಳು ಬರತಾರ್ರಿ. ಅಣ್ಣತಮ್ಮಂದಿರು ಹಬ್ಬಕ್ಕ ಅಂತ ಕರದು, ಉಣ್ಣಾಕ ಹಾಕಿ, ಕೈ ತೊಳಿಯೂದ್ರಾಗ ಸಹಿ ಮಾಡು ಅಂತ ಕಾಗದ ಮುಂದ ಹಿಡದದ್ದನ್ನ ಅತಗೋತ ಹೇಳತಾರ. ನೀವೂ ಮಾಸ್ತರು, ಕಾಗದಪತ್ರ ಬಲ್ಲವರು. ನಮ್ಮ ಆಟದಾಗ ಅತ್ತಿ ನಾಗಪ್ಪನ್ನ ಬಾಗಿಲದಾಗ ನಿಲ್ಲಿಸಿ ಕೇಳತಾಳ: ಇಷ್ಟು ವರ್ಷ ಇಲ್ಲದ ಅಣ್ಣ ಇವತ್ತ ಎಲ್ಲಿಂದ ಬಂದಿ? ಆ ಅತ್ತೀನ್ನ ಮಂದಿ ಬೈತಾರ. ನಾ ಬೈಯಂಗಿಲ್ಲ. ಕೇಳಬೇಕಾದ್ದ ಅದು.

ನುಡಿ ಕಲಿಸಿದವರು ಯಾರು ಅಂತ ಹೇಳಂಗಿಲ್ಲ. ಅವರು ಅದಾರೋ ಇಲ್ಲೋ ಅದನ್ನೂ ಹೇಳಂಗಿಲ್ಲ. ಮೊದಲ ಒಂದು ಕೆಲಸ ಮಾಡ್ರಿ. ನಿಮ್ಮ ಅಪ್ಪ ಬಾಗಿಲ ತನಕಾ ಬಿಟ್ಟು ಬಂದೆ ಅಂದಾರಲ್ಲ, ಬಾಗಿಲು ತಗದವರು ಯಾರು ಅಂತ ಕೇಳ್ರಿ. ಒಮ್ಮೆ ಕೇಳಿ ಬಿಡಬ್ಯಾಡ್ರಿ. ಎಂಟು ದಿನ ಬಿಟ್ಟು ಇನ್ನೊಮ್ಮೆ ಕೇಳ್ರಿ.

ಹಸನಬಿ

*

ಕುಂದಗೋಳ
19 ಜನವರಿ 2025

ಹಸನಬಿ ಅವರಿಗೆ,

ಕೇಳಿದೆ. "ಅವರ ಅತ್ತಿ ತಗದಳು" ಎಂದರು. ಎಂಟು ದಿನ ಬಿಟ್ಟು ಕೇಳಿದರೆ "ಮೈದುನ ಸಿದ್ಧಲಿಂಗ" ಎಂದರು. ಅಷ್ಟಕ್ಕೆ ನನಗೆ ತಿಳಿಯಿತು. ಆದರೂ ಮೂರನೆಯ ಸಲ ಕೇಳಲು ಬಾಯಿ ಬರಲಿಲ್ಲ. ಹೆತ್ತ ತಂದೆಯನ್ನು ಪೊಲೀಸನಂತೆ ಕೇಳುವುದು ಎಂಥದೆಂದು ನಿಮಗೆ ಹೇಗೆ ತಿಳಿಸಲಿ.

ಸಂಕ್ರಾಂತಿಯ ದಿನ ಕರಿಕಲ್ಲಿಗೆ ಬುತ್ತಿ ಒಯ್ದಿದ್ದೆವು. ಉಂಡು ಕೈ ತೊಳೆದ ಮೇಲೆ ಅಪ್ಪ ಹೇಳಿದರು: "ಬಾಗಿಲಾ ನಾ ನೋಡೇ ಇಲ್ಲೋ."

ಆ ದಿನ ಮಳೆ ಹಿಡಿದಿತ್ತಂತೆ. ಬಸ್ಸು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಊರು ಒಂದೂವರೆ ಮೈಲಿ, ಕೆಸರು. ಆಚೆ ಬದಿಗೆ ಹುಬ್ಬಳ್ಳಿಗೆ ವಾಪಸು ಹೋಗುವ ಬಸ್ಸು ನಿಂತಿತ್ತು. ಅದು ತಪ್ಪಿದರೆ ಮತ್ತೊಂದು ಬಸ್ಸು ಇರಲಿಲ್ಲ. "ಇಲ್ಲಿಂದ ನೀನ ಹೋಗತೀಯಲ್ಲ?" ಎಂದರಂತೆ. ಅಪ್ಪ ಬಸ್ಸು ಹತ್ತಿದರು. ಗಂಟು ತಲೆಯ ಮೇಲೆ ಇಟ್ಟುಕೊಂಡು ಅವಳು ನಿಂತೇ ಇದ್ದದ್ದು ಕಿಟಕಿಯಿಂದ ಕಂಡಿತು. "ಬಸ್ಸಿನ ಚಿಂತಿ ಅಲ್ಲ," ಎಂದರು ಅಪ್ಪ, "ಆ ಬಾಗಿಲಾಗ ಅಕಿ ಅತ್ತರ ನನಗ ನೋಡಾಕ ಆಗತಿರಲಿಲ್ಲ."

ಎಂಟು ದಿನಕ್ಕೆ ಗಂಡನ ಕಡೆಯವರು ಬಂದು "ಯಾವಾಗ ಕಳಸ್ತೀರಿ" ಎಂದು ಕೇಳಿದರು. ಅಜ್ಜ ಅಪ್ಪನ ಕಡೆ ತಿರುಗಿ "ಎಲ್ಲಿ ಬಿಟ್ಟಿ?" ಎಂದರು. "ಬಾಗಿಲ ತನಕಾ ಬಿಟ್ಟು ಬಂದೆ." ಆ ಮಾತನ್ನೇ ಪೊಲೀಸರ ಮುಂದೆಯೂ ಹೇಳಿದರು. ಗಂಡನನ್ನೂ ಹದಿನೇಳು ವರ್ಷದ ಸಿದ್ಧಲಿಂಗನನ್ನೂ ಹಿಡಿದು ಹನ್ನೊಂದು ದಿನ ಇಟ್ಟುಕೊಂಡಿದ್ದರಂತೆ. ಬಾವಿಗಳನ್ನು ಶೋಧಿಸಿದರಂತೆ. ಏನೂ ಸಿಗದೆ ಬಿಟ್ಟರು. ಅಪ್ಪ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಇನ್ನು ನನ್ನ ಪಾಲಿನದು. ಉತಾರದ ಬಗ್ಗೆ ನೀವು ಅನುಮಾನ ಪಟ್ಟದ್ದು ಪೂರಾ ತಪ್ಪಲ್ಲ. ಆ ಹೆಸರು ನೋಡಿದ ದಿನ ನಮ್ಮ ಊರಿನ ವಕೀಲರೊಬ್ಬರ ಹತ್ತಿರ ಹೋಗಿ, ಇದನ್ನು ತೆಗೆಸಲು ಏನು ಮಾಡಬೇಕು ಎಂದು ಕೇಳಿದ್ದೆ. ಆಕೆ ಇಲ್ಲ ಎಂದು ಬರೆದುಕೊಟ್ಟರೆ ಆಗುತ್ತದೆ ಎಂದರು. ಬರೆದುಕೊಟ್ಟಿಲ್ಲ. ಆದರೆ ಕೇಳಿದ್ದು ನಿಜ.

ಇಷ್ಟು ಹೇಳಿದ ಮೇಲೂ ನಿಮಗೆ ನಂಬಿಕೆ ಬರಬೇಕೆಂದೇನಿಲ್ಲ.

ಗೌರೀಶ

*

ಕುಂದಗೋಳ
30 ಮಾರ್ಚ್ 2025, ಯುಗಾದಿ

ಹಸನಬಿ ಅವರಿಗೆ,

ಎರಡು ತಿಂಗಳಾದವು. ಪೋಸ್ಟಮನ್ ಬೀದಿಗೆ ಬಂದರೆ ಅಪ್ಪ ಕಟ್ಟೆಯಿಂದ ಏಳುತ್ತಾರೆ. ನಾನು ಅವರಿಗೆ ನಿಮ್ಮ ಹೆಸರು ಹೇಳಿಲ್ಲ, ಆದರೂ ಏಳುತ್ತಾರೆ. ಬೈದಾದರೂ ಬರೆಯಿರಿ.

ಗೌರೀಶ

*

ಕಲಘಟಗಿ
15 ಜೂನ್ 2025

ಗೌರೀಶಗ,

ಮಾತು ನನ್ನವು, ಅಕ್ಷರ ಹಸನಬಿಯವು. ನಾ ಗುರವ್ವ. ನಿಮ್ಮಪ್ಪನ ತಂಗಿ.

ನಿನ್ನ ಕಾಗದ ಎಲ್ಲಾ ಈ ಹುಡಿಗಿ ನನಗ ಓದಿ ಹೇಳ್ಯಾಳ. ಸಂಕ್ರಾಂತಿ ಆದ ಮ್ಯಾಲಿನ ಕಾಗದ ಓದಿದ ಮ್ಯಾಲೆ ಉತ್ತರ ಬರೀಬ್ಯಾಡ ಅಂತ ನಾನ ತಡದಿದ್ದೆ. ವಕೀಲರ ಕಡೆ ಹೋಗಿದ್ದೆ ಅಂತ ನೀನ ಬರದಿ. ಖರೆ ಹೇಳಿ ನಂಬಿಸೂದೂ ಒಂದು ಹುನ್ನಾರ ಇರಬೇಕು ಅಂತ ಅನಿಸಿತು. ಅನಿಸಿದ್ದು ಹೇಳಾಕತ್ತೀನಿ, ಸಿಟ್ಟಾಗಬ್ಯಾಡ. ನಾಕೈದು ತಿಂಗಳು ವಿಚಾರ ಮಾಡಿದೆ.

ಅವತ್ತ ಆ ಬಸ್ಸು ತಿರುವಿನ್ಯಾಗ ಮರಿ ಆಗೂ ತನಕಾ ನೋಡಿದೆ. ಅಣ್ಣ ಇಳೀತಾನ, ಓಡಿ ಬರತಾನ ಅಂತ ತಿಳದಿದ್ದೆ. ಇಳೀಲಿಲ್ಲ. ಊರಿನ ಹಾದಿ ಬಿಟ್ಟು ಕಲಘಟಗಿ ಹಾದಿ ಹಿಡಿದೆ. ಸಾಯಬೇಕು ಅಂತ ಏನಿದ್ದಿದ್ದಿಲ್ಲ, ಆ ಮನಿಗೆ ಹೋಗಬಾರದು ಅಷ್ಟ. ಹಾದ್ಯಾಗ ಒಬ್ಬಾಕಿ ಬಳಿ ಮಾರೂ ಹೆಣಮಗಳು ಬುಟ್ಟಿ ಹೊತ್ಕೊಂಡು ಹೊಂಟಿದ್ದಳು. ನನ್ನ ತೋಳು ನೋಡಿದಳು. ಒಂದ ಮಾತೂ ಕೇಳಲಿಲ್ಲ. "ಬುಟ್ಟಿ ಒಂದೀಟು ಹೊರತೀಯೇನ ಅವ್ವಾ, ಕೊಳ್ಳು ಬ್ಯಾನಿ ಹತ್ತೇತಿ" ಅಂದಳು. ಹೊತ್ತೆ. ಅವರ ಮನಿ ಮುಟ್ಟಿದ ಮ್ಯಾಲೆ ಇಳಿಸಿದೆ. ಅಕಿ ಈ ಹಸನಬಿಯ ತಾಯಿ. ಇವಳು ಆಗ ನಾಕು ವರ್ಷದಾಕಿ. ಆ ಮನ್ಯಾಗ ನಲವತ್ತೆರಡು ವರ್ಷ ಕಳದೀನಿ. ಹೊಲಗಿ ಕಲತೆ. ಆಟದ ವೇಷದ ಅರಬಿ ಎಲ್ಲಾ ನಾನ ಹೊಲಿಯೂದು. ನುಡಿ ನಾನ ಕಲಿಸಿದ್ದು. ಸಾಬರ ಮನ್ಯಾಗ ನನ್ನನ್ನ ಯಾರೂ ಹುಡುಕಲಿಲ್ಲ. ಹುಡುಕಬೇಕು ಅಂತ ಅನಿಸಿದ್ರ ತಾನ.

ಒಂಬತ್ತು ವರ್ಷದ ಹಿಂದ ಪರದಿ ಸಂದಿನ್ಯಾಗಿಂದ ಅಣ್ಣನ್ನ ಕಂಡೆ. ಗುರತಾ ಹತ್ತಿತು. ಒಳಗ ಬರತಾನ ಅಂತ ಸೂಜಿ ಕೆಳಗಿಟ್ಟು ಕುಂತೆ. ಮರುವರ್ಷದಿಂದ ಸೀರಿ ಬಂದವು. ತಾ ಬರಲಿಲ್ಲ. ಅಂವ ನನ್ನ ಅಣ್ಣ ಅಂತ ನಿನ್ನ ಕಾಗದ ಬರೂ ತನಕಾ ಇವಳಿಗೂ ಹೇಳಿದ್ದಿಲ್ಲ. ಸೀರಿ ಟ್ರಂಕಿನ್ಯಾಗ ಹಾಕಸ್ದೆ. ಉಡಲಿಲ್ಲ, ಸುಡಲೂ ಇಲ್ಲ.

ಆದ್ರ ನನ್ನದೂ ಒಂದು ತಪ್ಪೈತಿ. ಗಂಡನ್ನ ಪೊಲೀಸರು ಒಯ್ದರು ಅಂತ ಸಂತ್ಯಾಗ ಕೇಳಿದೆ. ಖುಷಿ ಆತು, ಸುಳ್ಳ್ಯಾಕ ಹೇಳಲಿ. ಆಮ್ಯಾಲೆ ಸಿದ್ಧಲಿಂಗನ್ನೂ ಒಯ್ದರು ಅಂತ ಕೇಳಿದೆ. ಆ ಹುಡುಗ ನನಗ ಒಂದ ದಿನಾನೂ ಕೆಟ್ಟ ಮಾತು ಆಡಿದಾಂವ ಅಲ್ಲ. ತೋಳು ಸುಟ್ಟ ದಿನ ಬೆಣ್ಣಿ ಕದ್ದು ತಂದು ಕೊಟ್ಟಾಂವ ಅಂವ. ನಾ ಎದ್ದು ಹೋಗಿ "ನಾ ಅದೀನಿ" ಅಂದಿದ್ರ ಬಿಡತಿದ್ರು. ಹೋದ್ರ ಮತ್ತ ಆ ಮನಿಗೆ ತಳ್ಳತಾರ ಅಂತ ಅಂಜಿದೆ. ಸುಮ್ಮನಾದೆ. ಗಂಡ ಸತ್ತ ಸುದ್ದಿ ಕೇಳಿದಾಗೂ ಸುಮ್ಮನಿದ್ದೆ.

ಈಗ ಕೇಳು. ಸಹಿ ಮಾಡಂಗಿಲ್ಲ. ಆ ಹೊಲ ನನಗ ಬೇಕಂತಲ್ಲ. ನನ್ನ ಹೆಸರು ನಾ ಸಾಯೂ ತನಕಾ ಅಲ್ಲೇ ಇರಲಿ. ಇದಕ್ಕ ಒಪ್ಪಿದ್ರ ಪಂಚಮಿ ಮರುದಿನ ನಿಮ್ಮಪ್ಪನ್ನ ಕಳಸು. ಒಬ್ಬನ ಬರಲಿ. ನೀ ಬರಬ್ಯಾಡ. ಸೀರಿ ತರಬ್ಯಾಡ ಅನ್ನು. ಆಟ ಮುಗಿಯೂ ತನಕಾ ಕುಂದರು ಅನ್ನು. ಆಮ್ಯಾಲಿಂದು ನಾ ನೋಡಕೋತೀನಿ.

ಗುರವ್ವ

*

ಕುಂದಗೋಳ
24 ಜೂನ್ 2025

ಅತ್ತೀ,

ಅಪ್ಪನಿಗೆ ಇಡೀ ಕಾಗದ ಓದಿ ಹೇಳಿದೆ. ಇದ್ದಾಳೆ ಎಂದ ಕೂಡಲೇ ಗೋಡೆ ಹಿಡಿದು ಕೂತರು. ಸಿದ್ಧಲಿಂಗನ ಮಾತು ಬಂದಾಗ "ಸಾಕು" ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ತಾವೇ ಬಂದು "ಉಳಿದದ್ದು ಓದು" ಎಂದರು.

ಒಬ್ಬರೇ ಬರುತ್ತಾರೆ. ಹೆಸರು ಅಲ್ಲೇ ಇರುತ್ತದೆ. ನನ್ನ ಮಾತಿನ ಮೇಲೆ ನಿಮಗೆ ಅನುಮಾನ ಇರಲಿ, ತಪ್ಪಿಲ್ಲ. ಪ್ರತಿ ವರ್ಷ ಉತಾರ ತೆಗೆಸಿ ನಿಮಗೆ ಕಳಿಸುತ್ತೇನೆ.

ನಿಮ್ಮ ಅಳಿಯ ಗೌರೀಶ

*

ಕಲಘಟಗಿ
3 ಆಗಸ್ಟ್ 2025

ಗೌರೀಶ ಸರ್ ಅವರಿಗೆ,

ಏನೇನಾತು ಅಂತ ನಿಮ್ಮ ಅಪ್ಪ ಹೇಳ್ಯಾರೋ ಇಲ್ಲೋ. ನಾ ಕಣ್ಣಾರೆ ಕಂಡದ್ದು ಬರೀತೀನಿ.

ಬುಧವಾರ ಹನ್ನೊಂದಕ್ಕ ಬಂದು ಚಪ್ಪರದಾಗ ಮುಂದಿನ ಸಾಲಿಗೆ ಕುಂತಿದ್ರು. ಆಟ ಸುರು ಆಗೂದು ಎರಡು ಗಂಟೆಕ್ಕ. ಕೈಯಾಗ ಏನೂ ಇದ್ದಿದ್ದಿಲ್ಲ, ಹಿಂಗಾಗಿ ಕೈ ಎಲ್ಲಿ ಇಡಬೇಕು ಅಂತ ಗೊತ್ತಾಗದ ಒಮ್ಮೆ ತೊಡಿ ಮ್ಯಾಲೆ, ಒಮ್ಮೆ ಬಗಲಾಗ ಇಡತಿದ್ರು. ನಾ ಬೀಸೂ ಕಲ್ಲಿನ ಮುಂದ ಕುಂತು ಆ ನುಡಿ ಹಾಡಿದೆ. ಕಣ್ಣು ಮುಚ್ಚಲಿಲ್ಲ. ಮುಗಿದ ಮ್ಯಾಲೂ ಏಳಲಿಲ್ಲ. ಯಾಕೂಬಣ್ಣ ನಾಗಪ್ಪ ಆಗಿ ನನ್ನ ಕೈ ಹಿಡದು ತವರಿಗೆ ಕರಕೊಂಡು ಹೊಂಟಾಗ ಅವರು ತೆಳಗ ಮಾರಿ ಹಾಕಿ ಕುಂತಿದ್ರು. ನೋಡಿದ್ರೋ ಇಲ್ಲೋ ನನಗ ತಿಳೀಲಿಲ್ಲ.

ಮಂದಿ ಎದ್ದು ಹೋದ ಮ್ಯಾಲೆ ದೊಡ್ಡವ್ವ ವೇಷದ ಅರಬಿ ಗಂಟು ಹೊತ್ಕೊಂಡು ಹೊರಗ ಬಂದಳು. ನಿಮ್ಮ ಅತ್ತೀನ್ನ ನಾ ದೊಡ್ಡವ್ವ ಅಂತನ ಕರೀತೀನಿ. ನಿಮ್ಮ ಅಪ್ಪ ಎದುರಿಗೆ ನಿಂತಿದ್ರು. ಅಕಿ ಹೋಗಲಿ ಅಂತ ಬಾಜೂ ಸರದು ದಾರಿ ಬಿಟ್ಟ್ರು. ಗುರತಾ ಹತ್ತಲಿಲ್ಲರಿ. ಅವರ ಮನಸಿನ್ಯಾಗ ಇಪ್ಪತ್ತೆರಡು ವರ್ಷದ ಹುಡಿಗಿ ಇದ್ದಿರಬೇಕು. ದೊಡ್ಡವ್ವ ಹೋಗಲಿಲ್ಲ, ನಿಂತಳು. ನಿಮ್ಮ ಅಪ್ಪ ಕೇಳಿದ್ರು:

"ಯವ್ವಾ, ಇಲ್ಲೆ ಗುರವ್ವ ಅಂತ ಯಾರರ ಅದಾರೇನು?"

"ನೀ ಯಾರಪಾ?"

ಅಣ್ಣ ಅಂತಾರ ಅಂತ ನಾ ಕಾದಿದ್ದೆ. ಅನ್ನಲಿಲ್ಲ. "ಅಕೀನ್ನ ಕ್ರಾಸಿನ್ಯಾಗ ಬಿಟ್ಟು ಹೋದಾಂವ" ಅಂದ್ರು.

ದೊಡ್ಡವ್ವ ಗಂಟು ಕೆಳಗಿಟ್ಟಳು. ಅಳ್ತಾಳ ಅಂತ ತಿಳದೆ. ಅಳಲಿಲ್ಲ. "ಬಾಗಿಲ ತನಕಾ ಬಿಟ್ಟು ಬಂದೆ ಅಂದ್ಯಂತಲ್ಲ. ನಡಿ, ಬಿಡು" ಅಂದಳು. ಆಗ ದನಿ ಗುರತಾತು ನಿಮ್ಮ ಅಪ್ಪಗ.

ಮೂವರೂ ಆಟೋದಾಗ ಆ ಕ್ರಾಸಿಗೆ ಹೋದಿವಿ. ಊರ ತನಕಾ ಆಟೋ ಹೋಗತೈತಿ, ಈಗ ಡಾಂಬರು ಐತಿ, ಅಲ್ಲಲ್ಲೆ ಕಿತ್ತು ಕೆಸರಾಗೇತಿ. ದೊಡ್ಡವ್ವ ಕ್ರಾಸಿನ್ಯಾಗ ಇಳದಳು. "ಇಲ್ಲಿಂದ ನಡಕೋತ" ಅಂದಳು. ಸಣ್ಣಗ ಮಳಿ. ಮುಂದ ಅಕಿ, ಹಿಂದ ಅವರು, ಅವರ ಹಿಂದ ನಾನು. ಇಕಿ ಮುದುಕನ್ನ ಆ ಮಂದಿ ಕೈಗೆ ಕೊಡಾಕ ಹೊಂಟಾಳೇನ ಅಂತ ನನಗ ಖರೇನ ಅಂಜಿಕಿ ಹತ್ತಿತ್ತು.

ಬಾಗಿಲು ತಗದಾಕಿ ಮನಿ ಸೊಸಿ, ನಮ್ಮನ್ನ ಅರೀದಾಕಿ. ಸಿದ್ಧಲಿಂಗ ಹಿತ್ತಲದಾಗಿಂದ ಬಂದ್ರು. ಅರವತ್ತರ ಹತ್ತಿರ ವಯಸ್ಸು, ಗಟ್ಟಿ ಆಳು. ದೊಡ್ಡವ್ವನ್ನ ಭಾಳ ಹೊತ್ತು ನೋಡಿದ್ರು.

"ನಾ ಗುರವ್ವ. ಸತ್ತಿಲ್ಲ" ಅಂದಳು ಅಕಿ.

ನಿಮ್ಮ ಅಪ್ಪ ಪಟಗ ತಗದು ಕೈಯಾಗ ಹಿಡಕೊಂಡು ಹೇಳಿದ್ರು. "ಅವತ್ತ ನಾ ಈಕೀನ್ನ ಇಲ್ಲಿ ತನಕಾ ತರಲಿಲ್ಲ. ಕ್ರಾಸಿನ್ಯಾಗ ಬಿಟ್ಟು ಹೋದೆ. ಬಾಗಿಲದಾಗ ಬಿಟ್ಟೆ ಅಂತ ಪೊಲೀಸರಿಗೆ ಸುಳ್ಳ ಹೇಳಿದೆ."

ಸಿದ್ಧಲಿಂಗ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ರ ಛಲೋ ಇತ್ತು. ಅಗದಿ ಸಾವಕಾಶ ಹೇಳಿದ್ರು: "ನಮ್ಮಣ್ಣ ಛಲೋ ಮನಶಾ ಅಲ್ಲ, ನನಗ ಗೊತ್ತೈತಿ. ಆದ್ರ ಕೊಂದಿದ್ದಿಲ್ಲ. ಸಾಯೂ ತನಕಾ ಮಂದಿ ಅವಗ ಹೆಂಡ್ತಿ ಕೊಂದಾಂವ ಅಂತನ ಅಂದ್ರು. ಆ ಹನ್ನೊಂದು ದಿನದ ಮ್ಯಾಲೆ ನನ್ನ ಬಲಗಿವಿ ಕೇಳಂಗಿಲ್ಲ." ಆಮ್ಯಾಲೆ ಬೀದಿಗೆ ಹೋಗಿ ಬಾಜೂ ಎರಡು ಮನಿ ಹಿರೇರನ್ನ ಕರಕೊಂಡು ಬಂದ್ರು. "ಇನ್ನೊಮ್ಮೆ ಹೇಳ್ರಿ" ಅಂದ್ರು. ನಿಮ್ಮ ಅಪ್ಪ ಇನ್ನೊಮ್ಮೆ ಹೇಳಿದ್ರು, ಒಂದು ಅಕ್ಷರ ಬಿಡದ.

ದೊಡ್ಡವ್ವ ಸಿದ್ಧಲಿಂಗನ ಎಡಬಾಜೂ ಹೋಗಿ ನಿಂತಳು. "ನಿನ್ನ ಹಿಡದಾರ ಅಂತ ನನಗ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಅದು ಅಣ್ಣಂದಲ್ಲ, ನಂದು" ಅಂದಳು. ಅವರು ಕುಂದರ್ರಿ ಅನ್ನಲಿಲ್ಲ, ಹೋಗ್ರಿ ಅಂತನೂ ಅನ್ನಲಿಲ್ಲ. ಸೊಸಿ ಒಂದು ತಂಬಿಗಿ ನೀರು ತಂದಿಟ್ಟಳು. ದೊಡ್ಡವ್ವ ಕುಡದಳು. ನಿಮ್ಮ ಅಪ್ಪಗ ಕುಡಿಯಾಕ ಆಗಲಿಲ್ಲ.

ಕ್ರಾಸಿಗೆ ಬಂದ ಮ್ಯಾಲೆ "ಕುಂದಗೋಳಕ್ಕ ಬರತೀಯೇನ?" ಅಂತ ಕೇಳಿದ್ರು. "ಇವತ್ತ ಒಲ್ಲೆ" ಅಂದಳು. ಯಾವಾಗ ಅಂತ ಅವರೂ ಕೇಳಲಿಲ್ಲ, ಇಕಿನೂ ಹೇಳಲಿಲ್ಲ. ಹುಬ್ಬಳ್ಳಿ ಬಸ್ಸು ಎರಡು ಬಂದು ಹೋದವು. ನಮಗ ಆಟೋ ಸಿಗೂ ತನಕಾ ಅವರು ಹತ್ತಲಿಲ್ಲ.

ಕ್ಷಮಾ ಮಾಡ್ಯಾಳೇನು ಅಂತ ನೀವು ಕೇಳತೀರಿ. ನನಗ ಗೊತ್ತಿಲ್ಲ. ಮನಿಗೆ ಬಂದು ಎರಡು ದಿನ ಮಿಷನ್ನಿನ ಮುಂದ ಕುಂತು ಹೊಲದಳು. ನಿನ್ನೆ ರೊಟ್ಟಿ ಬಡಿಯೂ ಹೊತ್ತಿನ್ಯಾಗ ತಾನಾಗಿ ಅಂದಳು: "ಅಣ್ಣಗ ಮೊಣಕಾಲು ಹಿಡದಾವ, ನೋಡಿದ್ಯಾ? ಕೆಸರಿನ್ಯಾಗ ಎಡಗಾಲು ಎಳೀತಿದ್ದ. ಅಷ್ಟು ಗದ್ದಲದ ಬಸ್ಸು, ಕುಂದರಾಕ ಜಾಗಾ ಸಿಕ್ಕಿತೋ ಇಲ್ಲೋ."

ಇವತ್ತ ಮುಂಜಾನೆನೂ ಅದನ್ನ ಕೇಳಿದಳು. ಸಿಕ್ಕಿತ್ತೇನ್ರಿ? ನಿಮ್ಮ ಅಪ್ಪನ್ನ ಕೇಳಿ ಲಗೂನ ಬರೀರಿ.

ಹಸನಬಿ